ಪದ್ಮರಾಜಯ್ಯನವರ ಸುಣ್ಣದ ಬಂಡೆ

ಪದ್ಮರಾಜಯ್ಯನವರು ಆಕಾಶವನ್ನು ಒಂದೇ ಕಣ್ಣಿನಲ್ಲಿ ನೋಡುತ್ತಿದ್ದರು. ತಲೆ ಎತ್ತಿದ ಕೂಡಲೇ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ನೋಡುವುದು ಮೋಡವಿರಲಿ, ಹಲಸಿನ ಮರದ ಕಾಯಿ ಇರಲಿ, ವ್ಯತ್ಯಾಸವಿಲ್ಲ. ಹನ್ನೊಂದು ವರ್ಷ ದೂರದರ್ಶಕಕ್ಕೆ ಬಲಗಣ್ಣು ಒತ್ತಿ ನಿಂತದ್ದರಿಂದ ಬಂದ ಅಭ್ಯಾಸ ಅದು. ಅವರ ಮುಖದ ಎಡಭಾಗಕ್ಕೆ ಬಲಭಾಗಕ್ಕಿಂತ ಹತ್ತು ವರ್ಷ ಹೆಚ್ಚು ವಯಸ್ಸಾಗಿತ್ತು. ಪೆನ್ಶನ್ ಪುಸ್ತಕಕ್ಕೆ ಫೋಟೊ ತೆಗೆದ ಕಳಸದ ಸ್ಟುಡಿಯೊದವನು ಎರಡೂ ಕಣ್ಣು ಬಿಡಿ ಎಂದು ಮೂರು ಸಲ ಹೇಳಿ, ಸೋತು, ಹಾಗೆಯೇ ತೆಗೆದನಂತೆ.

ನನಗೆ ಅವರ ಪರಿಚಯವಾದದ್ದು ತೊಂಬತ್ತರ ದಶಕದ ಆರಂಭದಲ್ಲಿ. ಹವಾಮಾನದ ಕೆಲಸದಿಂದ ನಿವೃತ್ತರಾಗಿ ಹುಟ್ಟೂರು ಕಳಸಕ್ಕೆ ಬಂದಿದ್ದರು. ಅರ್ಧ ಎಕರೆ ಕಾಫಿ, ಒಂದಿಷ್ಟು ಮೆಣಸಿನ ಬಳ್ಳಿ, ಪೇಟೆಯ ಅಂಚಿನಲ್ಲಿ ಎರಡು ಕೋಣೆಯ ಮನೆ. ಮದುವೆಯಾಗಿರಲಿಲ್ಲ. ಜೈನರಾದ್ದರಿಂದ ಸೂರ್ಯ ಮುಳುಗುವ ಮುಂಚೆ ಊಟ ಮುಗಿಸುತ್ತಿದ್ದರು. ಬೆಳಿಗ್ಗೆ ಐದಕ್ಕೆ ಎದ್ದು ಮೊದಲು ಅಂಗಳಕ್ಕಿಳಿದು ಒಂದು ಕಣ್ಣಿನಲ್ಲಿ ಮೇಲೆ ನೋಡಿ, ಆಮೇಲೆ ಮುಖ ತೊಳೆಯುತ್ತಿದ್ದರು. ನಾನು ಆಗ ಕಳಸದಿಂದ ನಾಲ್ಕು ಮೈಲಿ ದೂರದ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಸ್ಟೋರಿನ ಬೀಗದ ಕೈ, ಮಳೆ ಲೆಕ್ಕ ಎಲ್ಲವೂ ನನ್ನ ಕೈಯಲ್ಲಿ. ಏಳಕ್ಕೆ ಹಾಜರಿ, ಎಂಟೂವರೆಗೆ ಮಳೆಮಾಪಕ, ಒಂಬತ್ತಕ್ಕೆ ತಿಂಡಿ. ಮೂವತ್ತು ವರ್ಷ ಈ ಕ್ರಮ ತಪ್ಪಿದ್ದಿಲ್ಲ ಎಂದು ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಆ ಹೆಮ್ಮೆಯನ್ನು ಅವರು ಮೊದಲ ಭೇಟಿಯಲ್ಲೇ ಇಳಿಸಿದರು. ಕಾಫಿ ಸಸಿ ಕೇಳಲು ಬಂದವರು ಮೇಜಿನ ಮೇಲಿದ್ದ ಮಳೆ ಪುಸ್ತಕ ನೋಡಿ, ಕೇಳದೆಯೇ ತೆರೆದರು. ನಾಲ್ಕೈದು ಹಾಳೆ ತಿರುವಿ, ಭಾನುವಾರಗಳಲ್ಲೆಲ್ಲ ಮಳೆ ಸೊನ್ನೆ ಯಾಕೆ ಎಂದರು. ಭಾನುವಾರ ನನಗೆ ರಜೆ, ಸೋಮವಾರ ಅಳೆದದ್ದನ್ನು ಸೋಮವಾರಕ್ಕೆ ಬರೆಯುತ್ತೇನೆ ಎಂದೆ.

“ಭಾನುವಾರದ ಮಳೆಯನ್ನ ಸೋಮವಾರದ ತಲೆ ಮೇಲೆ ಹಾಕ್ತೀರಲ್ಲ ರೈಟ್ರೇ, ಅದು ಎಂತ ತಪ್ಪು ಮಾಡಿತ್ತು?” ಎಂದು ಕೇಳಿ, ನನ್ನದೇ ಪೆನ್ನು ತೆಗೆದುಕೊಂಡರು. “ಮಳೆ ಬರ್ಲಿಲ್ಲ ಅಂದ್ರೆ ಸೊನ್ನೆ. ನಾವು ನೋಡ್ಲಿಲ್ಲ ಅಂದ್ರೆ ಗೆರೆ. ಯಾಕೆ ನೋಡ್ಲಿಲ್ಲ ಅಂತ ಷರಾದಲ್ಲಿ ಬರೀಬೇಕು. ಮುಂದೆ ಈ ಪುಸ್ತಕ ತೆಗೆದವನಿಗೆ ಗೊತ್ತಾಗ್ಬೇಕು, ಆಕಾಶ ಖಾಲಿ ಇತ್ತೋ ಕುರ್ಚಿ ಖಾಲಿ ಇತ್ತೋ ಅಂತ.”

ನನಗೆ ಸಿಟ್ಟು ಬಂತು. ಆದರೂ ಮುಂದಿನ ಭಾನುವಾರದಿಂದ ಎಂಟೂವರೆಗೆ ನಾನೇ ಹೋಗಿ ಅಳೆಯತೊಡಗಿದೆ. ನಿವೃತ್ತಿಯವರೆಗೂ ಅದನ್ನು ಬಿಡಲಿಲ್ಲ. ಹೀಗೆ ಅವರಿಂದಾಗಿ ನಾನು ಕಳೆದುಕೊಂಡ ರಜೆಗಳನ್ನು ಲೆಕ್ಕ ಹಾಕುವ ಉತ್ಸಾಹ ಈಗ ಇಲ್ಲ.

ಅವರು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಕಳಸದ ಮೇಲ್ಗಡೆ ಒಂದು ಬೋಳುಗುಡ್ಡವಿದೆ. ಅವರ ಯೌವನದಲ್ಲಿ ಅಲ್ಲಿ ಹನ್ನೊಂದು ವರ್ಷ ಒಂದು ಸಣ್ಣ ಕೇಂದ್ರ ನಡೆದಿತ್ತು. ನೆಲದ ಮೇಲಿನ ಗಾಳಿಯನ್ನಲ್ಲ, ಸಾವಿರಾರು ಅಡಿ ಮೇಲಿನ ಗಾಳಿಯನ್ನು ಅಳೆಯುವ ಕೇಂದ್ರ. ಬಲೂನಿಗೆ ಹೈಡ್ರೋಜನ್ ತುಂಬಿ ಬಿಡುವುದು. ಅದು ಇಷ್ಟು ನಿಮಿಷಕ್ಕೆ ಇಷ್ಟು ಎತ್ತರ ಏರುತ್ತದೆ ಎಂಬುದು ಮೊದಲೇ ಗೊತ್ತು. ಕಂಬದ ಮೇಲೆ ಕೂರಿಸಿದ ಥಿಯೋಡೊಲೈಟ್ ಎಂಬ ದೂರದರ್ಶಕದಲ್ಲಿ ಅದನ್ನು ಹಿಂಬಾಲಿಸಿ, ನಿಮಿಷಕ್ಕೊಮ್ಮೆ ಕೋನ ಓದಿ ಬರೆಯುವುದು. ಆ ಕೋನಗಳಿಂದ ಯಾವ ಎತ್ತರದಲ್ಲಿ ಗಾಳಿ ಯಾವ ಕಡೆಯಿಂದ, ಎಷ್ಟು ಜೋರಾಗಿ ಬೀಸುತ್ತಿದೆ ಎಂದು ಲೆಕ್ಕ ಸಿಗುತ್ತದೆ. ಮಳೆಗಾಲದಲ್ಲಿ ಇದು ಪ್ರಾಣ ಹಿಂಡುವ ಕೆಲಸ. ಮೋಡ ಬಿರಿದು ಹತ್ತು ನಿಮಿಷ ಆಕಾಶ ಕಂಡರೆ ಅಷ್ಟರಲ್ಲೇ ಬಿಡಬೇಕು. ಎಷ್ಟೋ ದಿನ ಬೆಳಗಿನಿಂದ ಬಲೂನು ಹಿಡಿದು ಕೂತು ಸಂಜೆಗೆ ಗಾಳಿ ಬಿಟ್ಟು ಮಡಚಿ ಇಟ್ಟದ್ದೂ ಉಂಟಂತೆ.

ಪೇಟೆಯಲ್ಲಿ ಅವರಿಗೆ ಬಲೂನಯ್ಯ ಎಂದೇ ಹೆಸರು. ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಬಂದರೆ ಜೀಪಿನ ಹಮೀದ್ ಬೇಕೆಂದೇ ಕೆಣಕುತ್ತಿದ್ದ. ನಾವೆಲ್ಲ ಗಾಳಿ ಹಾಕಿದ್ದು ಟಯರಿಗೆ, ಆದರೆ ಗಾಳಿ ಹಾಕಿ ಪೆನ್ಶನ್ ತಗೊಂಡವರು ಅಯ್ಯನವರೊಬ್ಬರೇ ಎನ್ನುತ್ತಿದ್ದ. ಇವತ್ತು ಮಳೆ ಬರುತ್ತದಾ, ಕಾಫಿ ಒಣಗಲು ಹರವಬಹುದಾ ಎಂದು ಯಾರಾದರೂ ಕೇಳಿದರೆ ಅವರದು ಒಂದೇ ಉತ್ತರ. “ನಾನು ಆಗಿ ಹೋದ ಗಾಳಿ ಬರ್ದವ ಮಾರಾಯ. ಬರೋ ಗಾಳಿ ನನ್ನ ಕೇಳ್ಬೇಡ.”

ಆ ಕೇಂದ್ರದ ಕಥೆಗಳಲ್ಲಿ ನನಗೆ ಇಷ್ಟವಾದದ್ದು ಷರಾ ಕಾಲಂ. ಬಲೂನು ಎಷ್ಟನೇ ನಿಮಿಷಕ್ಕೆ ಕಾಣೆಯಾಯಿತು, ಯಾಕೆ ಎಂದು ಅಲ್ಲಿ ಬರೆಯಬೇಕು. ಉಳಿದವರೆಲ್ಲ ‘ಮೋಡ’ ಎಂದು ಒಂದೇ ಶಬ್ದ ಗೀಚುತ್ತಿದ್ದರು. ಇವರು ಮಾತ್ರ ನಡೆದದ್ದನ್ನೇ ಬರೆಯುತ್ತಿದ್ದರು. ಬಲೂನು ಒಡೆಯಿತು. ಹದ್ದು ಅಡ್ಡ ಬಂದು ಕಣ್ಣು ತಪ್ಪಿತು. ಒಂದು ದಿನ, ‘ಏಳನೇ ನಿಮಿಷ, ಆಕಾಶ ಸ್ವಚ್ಛ, ವೀಕ್ಷಕನಿಗೆ ಸೀನು ಬಂದು ಬಲೂನು ತಪ್ಪಿತು’ ಎಂದು ಬರೆದರಂತೆ. ಮೇಲಿನ ಕಚೇರಿಯಿಂದ ವಿವರಣೆ ಕೇಳಿ ಕಾಗದ ಬಂತು. ಇವರು ನೆಗಡಿಯ ವಿವರ ಬರೆದು ಕಳಿಸಿದರು.

ಆ ಸೀನೇ ಸುಮನಾ ಎಂಬ ಹುಡುಗಿಯನ್ನು ಇಲ್ಲಿಗೆ ಕರೆತಂದದ್ದು. ಆಗ ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನನಗೆ ನಿವೃತ್ತಿಯಾಗಿತ್ತು, ಆದರೂ ಮಾಲೀಕರ ಮಾತಿಗೆ ಕಟ್ಟುಬಿದ್ದು ಬೆಳಗಿನ ಹೊತ್ತು ಆಫೀಸಿಗೆ ಹೋಗುತ್ತಿದ್ದೆ. ಆಕೆ ತುಮಕೂರು ಕಡೆಯವಳು, ದೂರದ ಊರೊಂದರಲ್ಲಿ ಹವಾಮಾನದ ಸಂಶೋಧನೆ ಮಾಡುತ್ತಿದ್ದಳು. ಹಳೆಯ ಬಲೂನು ರಿಜಿಸ್ಟರುಗಳು ಯಾವುದೋ ಗೋದಾಮಿನಲ್ಲಿ ಸಿಕ್ಕಿ, ಒಂದೊಂದು ಅಂಕಿಯನ್ನೂ ಕಂಪ್ಯೂಟರಿಗೆ ಹಾಕಿಸುತ್ತಿದ್ದಳಂತೆ. ಸೀನಿನ ಷರಾ ಓದಿ, ಇದನ್ನು ಬರೆದವರು ಬದುಕಿದ್ದರೆ ನೋಡಲೇಬೇಕು ಎಂದು ಹುಡುಕಿಕೊಂಡು ಬಂದಿದ್ದಳು. ಹೊರನಾಡಿನ ವಸತಿಗೃಹದಲ್ಲಿ ಇಳಿದಿದ್ದಳು. ದಾರಿ ತೋರಿಸಲು ಹಮೀದ್ ಆಕೆಯನ್ನು ಮೊದಲು ನನ್ನ ಹತ್ತಿರ ತಂದ. ನಾನು ಪದ್ಮರಾಜಯ್ಯನವರ ಮನೆಗೆ ಕರೆದುಕೊಂಡು ಹೋದೆ.

ಅವರು ಅಷ್ಟು ಖುಷಿಯಾಗಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನಲವತ್ತು ವರ್ಷದ ಮೇಲೆ ಯಾರೋ ತಮ್ಮ ಷರಾ ಓದಿದ್ದಾರೆ. ಸುಮನಾ ಬಿಡಿಸಿ ಹೇಳಿದಳು. ಉಪಗ್ರಹಗಳು ಬರುವುದಕ್ಕೆ ಮುಂಚೆ ಮೇಲಿನ ಗಾಳಿ ಹೇಗಿತ್ತು ಎಂದು ತಿಳಿಯಲು ಇಂಥ ಪುಸ್ತಕಗಳೇ ದಾರಿ. ಮಳೆ ಚೆನ್ನಾಗಿ ಆದ ವರ್ಷ, ಕೈಕೊಟ್ಟ ವರ್ಷ, ಘಟ್ಟದ ಮೇಲೆ ಗಾಳಿ ಏನು ಮಾಡುತ್ತಿತ್ತು, ಈಗ ಏನು ಮಾಡುತ್ತಿದೆ, ಅದು ನಿಜವಾಗಿ ಬದಲಾಗಿದೆಯೋ ಅಥವಾ ಹಿಂದೆಯೂ ಹೀಗೆಯೇ ಹಿಂದೆಮುಂದೆ ಆಗುತ್ತಿತ್ತೋ, ಇದೆಲ್ಲ ತಿಳಿಯಬೇಕು. ಈ ಗುಡ್ಡಗಳಲ್ಲಿ ಆ ಕಾಲದ ಲೆಕ್ಕ ಇರುವುದು ಇದೊಂದೇ ಕೇಂದ್ರದ್ದು.

ಆಮೇಲೆ ಒಂದು ಹಾಳೆ ಬಿಚ್ಚಿ ಚಾಪೆಯ ಮೇಲೆ ಹರಡಿದಳು. ಗೆರೆಯೊಂದು ಸಮನಾಗಿ ಬಂದು, ಒಂದು ಜೂನ್ ತಿಂಗಳಲ್ಲಿ ಕೆಳಗಿಳಿದು, ನಾಲ್ಕು ವರ್ಷ ಹಾಗೇ ನಡೆದು, ಒಂದು ಅಕ್ಟೋಬರಿನಲ್ಲಿ ಮತ್ತೆ ಮೇಲೆ ಹತ್ತಿತ್ತು. ಆ ನಾಲ್ಕು ವರ್ಷ ಪಶ್ಚಿಮದ ಗಾಳಿ ಸ್ವಲ್ಪ ದಕ್ಷಿಣಕ್ಕೆ ತಿರುಗಿಕೊಂಡಿದೆ ಎಂದಳು.

ಪದ್ಮರಾಜಯ್ಯನವರು ಹಾಳೆಯನ್ನು ಬಹಳ ಹೊತ್ತು ನೋಡಿದರು. “ಎಲ್ಲ ಎತ್ತರದಲ್ಲೂ ಅಷ್ಟೇ ತಿರುಗಿದೆಯಾ?”

“ಹೌದು ಸರ್. ಅದೇ ನಮಗೂ ಅರ್ಥ ಆಗ್ತಿಲ್ಲ. ಕೆಳಗೂ ಅಷ್ಟೇ, ಮೇಲೂ ಅಷ್ಟೇ.”

ಅವಳ ಗುರುಗಳಿಗೂ ಅವಳಿಗೂ ಇದೇ ವಾದವಂತೆ. ಗಾಳಿಯೇ ಹಾಗೆ ತಿರುಗಿತ್ತು ಎಂದಾದರೆ ಅದು ದೊಡ್ಡ ಸಂಗತಿ, ಬರೆಯಬೇಕು. ಅಳತೆಯಲ್ಲೇ ಏನೋ ಐಬಿದೆ ಎಂದಾದರೆ, ಯಾವ ಐಬು ಎಂದು ತಿಳಿಯದಿರುವಾಗ, ಈ ಕೇಂದ್ರದ ಹನ್ನೊಂದೂ ವರ್ಷವನ್ನು ಪಕ್ಕಕ್ಕೆ ಎತ್ತಿಡಬೇಕು. ಇನ್ನು ಎರಡು ದಿನ ಹೊರನಾಡಿನಲ್ಲೇ ಇರುತ್ತೇನೆ, ಏನಾದರೂ ನೆನಪಾದರೆ ಹೇಳಿ ಸರ್ ಎಂದು ಹೊರಟಳು. ಅವರು ಬಾಗಿಲವರೆಗೂ ಬಂದರು.

ಮರುದಿನ ಬೆಳಿಗ್ಗೆ ನಾನು ಮಳೆಮಾಪಕದ ಹತ್ತಿರ ಬಗ್ಗಿದ್ದಾಗ ಅವರು ನಾಲ್ಕು ಮೈಲಿ ನಡೆದುಕೊಂಡೇ ಬಂದು ನಿಂತರು. ಚಳಿಗಾಲ, ಮಾಪಕ ಒಣಗಿತ್ತು. ನಾನು ಸೊನ್ನೆ ಬರೆಯುವವರೆಗೆ ಕಾದು, ಆಮೇಲೆ ಬಾಯಿ ಬಿಟ್ಟರು.

“ರೈಟ್ರೇ, ಆ ಹುಡುಗಿ ತೋರಿಸಿದ ಗಾಳಿ ಉಂಟಲ್ಲ, ಅದು ಗಾಳಿ ಅಲ್ಲ. ಅದು ನಾನು.”

ಆಫೀಸಿನ ಬೆಂಚಿನ ಮೇಲೆ ಕೂತು ಹೇಳಿದರು. ಥಿಯೋಡೊಲೈಟನ್ನು ದಿನಾ ಕೂರಿಸುವಾಗ ದಿಕ್ಕು ಸರಿ ಮಾಡಿಕೊಳ್ಳಬೇಕು. ಅದಕ್ಕೆ ಎದುರುಗುಡ್ಡದ ಒಂದು ಬಂಡೆಗೆ ಕಬ್ಬಿಣದ ಗೂಟ ಹೊಡೆದು ಸುಣ್ಣ ಬಳಿದಿದ್ದರು. ಆ ಬಂಡೆ ಇರುವ ದಿಕ್ಕು ಇಷ್ಟು ಡಿಗ್ರಿ ಎಂದು ರಿಜಿಸ್ಟರಿನ ಮೊದಲ ಪುಟದಲ್ಲೇ ಇತ್ತು. ಬಂಡೆಗೆ ಗುರಿ ಹಿಡಿದು ಆ ಅಂಕಿಗೆ ಉಪಕರಣದ ಡಿಗ್ರಿ ಚಕ್ರ ತಿರುಗಿಸಿದರೆ ಮುಗಿಯಿತು. ಮಳೆಗೆ ಸುಣ್ಣ ತೊಳೆದುಹೋಗುವುದರಿಂದ ಪ್ರತಿ ವರ್ಷ ಜೂನ್ ಮೊದಲಲ್ಲಿ ಮತ್ತೆ ಬಳಿಯಬೇಕು. ಒಂದು ವರ್ಷ ಸುಣ್ಣದ ಡಬ್ಬಿ ಹೊತ್ತು ಇವರೇ ಹೋದರು. ಮಂಜು ಕವಿದು ಕೈ ಚಾಚಿದರೆ ಕೈ ಕಾಣುತ್ತಿರಲಿಲ್ಲ. ಸಿಕ್ಕಿದ ಬಂಡೆ ಅಂಥದ್ದೇ ಇತ್ತು, ಗೂಟ ಮಾತ್ರ ಇರಲಿಲ್ಲ. ಗೂಟ ಬಿದ್ದುಹೋಗಿರಬೇಕು ಎಂದುಕೊಂಡು ಬಳಿದು ಬಂದರು. ಅದು ಪಕ್ಕದ ಬಂಡೆ. ಮರುದಿನದಿಂದ ಕೇಂದ್ರದ ಗಾಳಿಯೆಲ್ಲ ಆ ಬಂಡೆಯ ಲೆಕ್ಕಕ್ಕೆ ಹೋಯಿತು. ಮುಂದಿನ ಜೂನ್‌ಗಳಲ್ಲೂ ಉಳಿದ ಸುಣ್ಣದ ಗುರುತು ನೋಡಿ ಅದಕ್ಕೇ ಬಳಿದರು. ವರ್ಷಕ್ಕೊಮ್ಮೆ ಮಧ್ಯಾಹ್ನದ ನೆರಳು ಹಿಡಿದು ದಿಕ್ಕು ತಾಳೆ ನೋಡಬೇಕೆಂಬ ನಿಯಮವೂ ಇತ್ತು. ಅದನ್ನು ಹಿಂದಿನ ವರ್ಷದ ಪುಟ ನೋಡಿ ನಕಲು ಮಾಡುತ್ತಿದ್ದರು. ನಕಲು ಮಾಡುತ್ತಿದ್ದವರೂ ಇವರೇ.

ನಾಲ್ಕನೇ ವರ್ಷ, ಮಳೆ ಮುಗಿದ ಒಂದು ತಿಳಿಬೆಳಗಿನಲ್ಲಿ, ದೂರದರ್ಶಕವನ್ನು ಸುಮ್ಮನೆ ಎಡಕ್ಕೆ ಸರಿಸಿದಾಗ ಇನ್ನೊಂದು ಬಂಡೆ ಕಂಡಿತು. ಅದರ ನೆತ್ತಿಯ ಮೇಲೆ ಗೂಟವಿತ್ತು.

“ಬರ್ದು ಕಳಿಸಿದ್ರೆ ಮುಗೀತಿತ್ತು,” ಎಂದರು. “ಆ ತಿಂಗಳೇ ನನ್ನ ಬಡ್ತಿಯ ಕಾಗದ ಬರೋದಿತ್ತು. ಆ ಭಾನುವಾರ ಒಬ್ನೇ ಹೋಗಿ ಹಳೇ ಬಂಡೆಗೆ ಸುಣ್ಣ ಬಳ್ದೆ. ಹೊಸದಕ್ಕೆ ಕೆಸರು ಮೆತ್ತಿ ಬಂದೆ. ಸೋಮವಾರದಿಂದ ಗಾಳಿ ಸರಿಯಾಯ್ತು. ಷರಾದಲ್ಲಿ ಏನೂ ಬರೀಲಿಲ್ಲ.”

ನನ್ನ ಮಳೆ ಪುಸ್ತಕದ ಭಾನುವಾರಗಳಿಗೆ ಗೆರೆ ಎಳೆದ ಮನುಷ್ಯ ನನ್ನೆದುರು ಕೂತು ಇದನ್ನು ಹೇಳುತ್ತಿದ್ದರು. ನಾನಾಗ ಕೊಟ್ಟ ಸಲಹೆಯನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ನಲವತ್ತು ವರ್ಷವಾಯಿತು, ಕೇಂದ್ರವೇ ಮುಚ್ಚಿಹೋಗಿದೆ, ಜೊತೆಯಲ್ಲಿದ್ದವರು ಯಾರೂ ಉಳಿದಿಲ್ಲ, ಇನ್ನು ಯಾರಿಗೆ ಬೇಕು, ಬಿಟ್ಟುಬಿಡಿ ಎಂದೆ. ಹೇಳಿದರೆ ಊರಲ್ಲಿ ಬಲೂನಯ್ಯ ಎಂದು ನಗುವವರಿಗೆ ಇನ್ನೊಂದು ವಿಷಯ ಸಿಗುತ್ತದೆ ಎಂದೂ ಸೇರಿಸಿದೆ.

“ಆ ಹುಡುಗಿಗೆ ಬೇಕಲ್ಲ ಮಾರಾಯ,” ಎಂದರು. “ಮಿಕ್ಕ ಏಳು ವರ್ಷ ಎಂತ ಪಾಪ ಮಾಡಿದೆ? ಅದಕ್ಕಾಗಿ ಮಳೇಲಿ ನೆನೆದದ್ದು ನಾನೊಬ್ಬನೇ ಅಲ್ಲ. ನಾನು ಬಾಯಿ ಮುಚ್ಕೊಂಡ್ರೆ ಅದೂ ಕಸದ ಬುಟ್ಟಿಗೆ,” ಎಂದರು.

ಹಮೀದನ ಜೀಪು ಕರೆಸಿ ಇಬ್ಬರೂ ಹೊರನಾಡಿಗೆ ಹೋದೆವು. ವಸತಿಗೃಹದ ಜಗಲಿಯಲ್ಲಿ, ಯಾತ್ರಿಕರು ಚಪ್ಪಲಿ ಬಿಡುವ ಜಾಗದಲ್ಲಿ ನಿಂತುಕೊಂಡೇ ಅವರು ಎಲ್ಲವನ್ನೂ ಮತ್ತೊಮ್ಮೆ ಹೇಳಿದರು. ಬಡ್ತಿಯ ಮಾತನ್ನೂ ಬಿಡಲಿಲ್ಲ. ಸುಮನಾ ಅಯ್ಯೋ ಎನ್ನಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಚೀಲದಿಂದ ಪುಸ್ತಕ ತೆಗೆದು, “ಯಾವ ತಾರೀಖು ಸರ್? ಬಳಿದದ್ದು, ಆಮೇಲೆ ಸರಿ ಮಾಡಿದ್ದು?” ಎಂದು ಕೇಳಿದಳು. ಅವರು ಎರಡೂ ತಾರೀಖನ್ನು ತಡವರಿಸದೆ ಹೇಳಿದರು. ಗೆರೆ ಇಳಿದು ಹತ್ತಿದ ಜಾಗಕ್ಕೆ ಎರಡೂ ಸರಿಯಾಗಿ ಕೂತವು. ಕೆಲಸ ಬಲ್ಲ ಹುಡುಗಿ, ಮೊದಲು ಕೇಳಬೇಕಾದದ್ದನ್ನೇ ಮೊದಲು ಕೇಳಿದಳು ಎಂದು ವಾಪಸು ಬರುವಾಗ ಜೀಪಿನಲ್ಲಿ ಎರಡು ಸಲ ಹೇಳಿದರು.

ಆದರೆ ಕೋನ ಎಷ್ಟು ಎಂಬುದು ಅವರಿಗೆ ಗೊತ್ತಿರಲಿಲ್ಲ. ಆ ಅಕ್ಟೋಬರಿನಲ್ಲಿ ಎರಡು ಬಂಡೆಗಳ ನಡುವಿನ ಕೋನ ಓದಲು ಧೈರ್ಯ ಬರಲಿಲ್ಲವಂತೆ. ಅಂದಾಜು ಸಾಲದು, ಹಳೆಯ ಕಂಬದ ಮೇಲಿಂದಲೇ ಅಳೆಯಬೇಕು ಎಂದಳು ಸುಮನಾ. ಒಂದು ವಾರ ಉಳಿದು, ರಸ್ತೆ ಅಳೆಯುತ್ತಿದ್ದ ಸರ್ವೆಯವರಿಂದ ಒಂದು ಥಿಯೋಡೊಲೈಟ್ ಎರವಲು ತಂದಳು. ನಾವು ನಾಲ್ವರು ಹಮೀದನ ಜೀಪಿನಲ್ಲಿ ಹೊರಟೆವು. ಜೀಪು ಹೋಗುವಷ್ಟು ಹೋಗಿ ಆಮೇಲೆ ನಡಿಗೆ. ಪದ್ಮರಾಜಯ್ಯನವರನ್ನು ಹಮೀದ್ ಹೆಗಲು ಕೊಟ್ಟು ಹತ್ತಿಸಿದ. ಆ ದಿನ ಅವನು ಒಂದು ಸಲವೂ ಕೆಣಕಲಿಲ್ಲ.

ಕಟ್ಟಡ ಇರಲಿಲ್ಲ, ಪಾಯ ಮಾತ್ರ ಇತ್ತು. ಸಿಮೆಂಟಿನ ಕಂಬ ಹುಲ್ಲಿನ ನಡುವೆ ಗಟ್ಟಿಯಾಗಿ ನಿಂತಿತ್ತು. ಎದುರುಗುಡ್ಡಕ್ಕೆ ಹೋಗಿ ಬಂಡೆಯ ಮೇಲೆ ನಿಲ್ಲಲು ಒಬ್ಬರು ಬೇಕು. ಹಮೀದನಿಗೆ ಅಯ್ಯನವರನ್ನು ಹಿಡಿದುಕೊಳ್ಳುವ ಕೆಲಸವಿತ್ತು. ನಾನು ಹೊರಟೆ. ಅರವತ್ತು ದಾಟಿದ ಮಂಡಿಗಳಿಗೆ ಕೊಳ್ಳ ಇಳಿದು ಹತ್ತುವುದು ಒಂದೂವರೆ ಗಂಟೆಯ ದಾರಿ. ಮೊದಲ ಬಂಡೆಯ ನೆತ್ತಿಯಲ್ಲಿ ಕಿರುಬೆರಳಿನಷ್ಟು ತುಕ್ಕು ಹಿಡಿದ ಕಬ್ಬಿಣ ಉಳಿದಿತ್ತು. ಅದರ ಪಕ್ಕ ನಿಂತು ಬಿಳಿ ಪಂಚೆ ಹರಡಿ ಹಿಡಿದೆ. ಆ ಕಡೆಯಿಂದ ಹಮೀದ್ ಟವೆಲು ಬೀಸಿದ ಮೇಲೆ ನನ್ನ ಎಡಕ್ಕೆ ನಡೆದೆ. ನೂರ ಎಂಬತ್ತು ಹೆಜ್ಜೆ. ಎರಡನೇ ಬಂಡೆಗೆ ಗೂಟವಿಲ್ಲ. ಆದರೆ ಮಳೆ ತಾಗದ ಒಂದು ಸಂದಿಯಲ್ಲಿ ಉಗುರಿನಿಂದ ಕೆರೆದಾಗ ಬಿಳಿಪುಡಿ ಬಂತು. ಅಲ್ಲೂ ಪಂಚೆ ಹಿಡಿದು ನಿಂತೆ. ಬಿಸಿಲಿತ್ತು. ಎರಡು ಬಂಡೆಗಳೂ ಒಂದೇ ತರಹ ಇದ್ದವು. ಮಂಜಿನಲ್ಲಿ ನಾನಾಗಿದ್ದರೂ ಅದಕ್ಕೇ ಬಳಿಯುತ್ತಿದ್ದೆ.

ನಾನು ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಏನಾಯಿತು ಎಂದು ಹಮೀದ್ ಹೇಳಿದ. ಎರಡು ಸಲವೂ ಗುರಿ ಹಿಡಿದದ್ದು ಅಯ್ಯನವರೇ, ಅಂಕಿ ಓದಿದ್ದು ಸುಮನಾ. ಕಳೆದು ನೋಡಿ, ಏಳು ಡಿಗ್ರಿ ಎಂದಳಂತೆ. ಅವರು ನಂಬದೆ ಮತ್ತೆ ಓದಿಸಿದರಂತೆ. ಮತ್ತೆ ಏಳೇ. ಆಮೇಲೆ ಪಾಯದ ಕಲ್ಲಿನ ಮೇಲೆ ಕೂತುಬಿಟ್ಟರಂತೆ. ನಾನು ಬಂದಾಗಲೂ ಹಾಗೇ ಕೂತಿದ್ದರು.

“ಏಳೇ ಅಂತೆ ರೈಟ್ರೇ,” ಎಂದರು. “ನಾನು ಹದಿನೈದು ಇಪ್ಪತ್ತು ಅಂದ್ಕೊಂಡೇ ನಲವತ್ತು ವರ್ಷ ಕಳ್ದೆ.”

ಅಲ್ಲಿಯೇ ಷರಾ ಬರೆಸಿದರು. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಎಲ್ಲ ದಿಕ್ಕುಗಳಿಗೂ ಏಳು ಡಿಗ್ರಿ ಕೂಡಿಸಿಕೊಳ್ಳುವುದು. ಕಾರಣದ ಹತ್ತಿರ ಬಂದಾಗ ಸುಮನಾ ಪೆನ್ನು ನಿಲ್ಲಿಸಿ, “ಮಂಜು ಅಂತ ಬರೀಲಾ ಸರ್?” ಎಂದಳು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು.

“ಮಂಜು ದಿನಾ ಇರ್ತಿತ್ತಮ್ಮ. ಬಂಡೆ ತಪ್ಪಿದ್ದು ನಾನು. ಮುಚ್ಚಿಟ್ಟದ್ದೂ ನಾನು. ನನ್ನ ಹೆಸರು ಹಾಕಿ ಬರೀರಿ.”

ಮುಂದಿನ ಮಳೆಗಾಲದಲ್ಲಿ ಅವರು ಹಾಸಿಗೆ ಹಿಡಿದರು. ಎರಡೂ ಕಣ್ಣು ಮಬ್ಬಾಗಿದ್ದವು. ಆಗಸ್ಟಿನಲ್ಲಿ ಸುಮನಾಳಿಂದ ನನ್ನ ವಿಳಾಸಕ್ಕೆ ಒಂದು ದಪ್ಪ ಲಕೋಟೆ ಬಂತು. ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಗಳು, ಜೊತೆಗೆ ಕನ್ನಡದಲ್ಲಿ ಒಂದು ಕಾಗದ. ಅದನ್ನು ತೆಗೆದುಕೊಂಡು ಅವರ ಮನೆಗೆ ಹೋದೆ. ಹಾಸಿಗೆಯ ಪಕ್ಕ ಸ್ಟೂಲು ಎಳೆದು ಕೂತು ಓದಿ ಹೇಳಿದೆ. ಹನ್ನೊಂದು ವರ್ಷವೂ ಉಳಿದಿದೆ. ತಿದ್ದಿದ ಮೇಲೆ ಗೆರೆ ನೆಟ್ಟಗೆ ಬಂದಿದೆ. ಆ ನಾಲ್ಕು ವರ್ಷ ಗಾಳಿ ತಿರುಗಿರಲಿಲ್ಲ. ಅದರಲ್ಲಿ ಒಂದು ವರ್ಷ ಗಾಳಿ ಬಹಳ ಸೋತಿತ್ತು, ಆ ವರ್ಷ ಇಲ್ಲಿ ಮಳೆಯೂ ಕಡಿಮೆ, ಅದು ಈಗ ಸ್ಪಷ್ಟವಾಗಿ ಕಾಣುತ್ತದೆ ಎಂದು ಬರೆದಿದ್ದಳು.

ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. “ನನ್ನ ತಪ್ಪನ್ನ ಗಾಳಿ ತಲೆ ಮೇಲೆ ಹಾಕಿದ್ದೆ ಇಷ್ಟು ವರ್ಷ,” ಎಂದರು. ನಿದ್ದೆ ಬಂತೇನೋ ಎಂದು ನಾನು ಹಾಳೆ ಮಡಚುತ್ತಿದ್ದಾಗ ಕೇಳಿದರು, “ಷರಾದಲ್ಲಿ ಹೆಸರು ಹಾಕಿದ್ದಾಳಾ?”

ನಾನು ಕೊನೆಯ ಹಾಳೆ ತೆಗೆದು ನೋಡಿದೆ. ಅಡಿಯಲ್ಲಿ ಸಣ್ಣ ಅಕ್ಷರದ ಎರಡು ಸಾಲು ಇತ್ತು.

“ಹಾಕಿದ್ದಾಳೆ. ಪೂರ್ತಿ ಹಾಕಿದ್ದಾಳೆ.”

“ಊರು?”

“ಊರೂ ಉಂಟು. ಕಳಸ ಅಂತ.”

“ಸರಿ ಹಾಗಾದ್ರೆ,” ಎಂದು ಗೋಡೆಯ ಕಡೆ ಹೊರಳಿದರು. ಅದೇ ಕಡೆಯ ಭೇಟಿ. ಎಂಟು ದಿನ ಬಿಟ್ಟು ಹಮೀದ್ ಬಂದು ವಿಷಯ ತಿಳಿಸಿದ. ಜಡಿಮಳೆ, ಭದ್ರಾ ತುಂಬಿ ಹರಿಯುತ್ತಿತ್ತು, ನಾನು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹೆಸರು ಹಾಕಿರಲಿಲ್ಲ. ‘ಹಿಂದೆ ಅಲ್ಲಿ ಕೆಲಸ ಮಾಡಿದ ವೀಕ್ಷಕರೊಬ್ಬರ ಹೇಳಿಕೆಯಂತೆ’ ಎಂದಷ್ಟೇ ಇತ್ತು. ವಯಸ್ಸಾದವರ ಮರ್ಯಾದೆ ಉಳಿಯಲಿ ಎಂದು ಸುಮನಾ ಬಿಟ್ಟಳು. ಸಾಯುವ ಮನುಷ್ಯನಿಗೆ ಸಮಾಧಾನವಾಗಲಿ ಎಂದು ನಾನು ಇಲ್ಲದ್ದನ್ನು ಓದಿದೆ. ಎರಡನ್ನೂ ಅವರು ಒಪ್ಪುತ್ತಿರಲಿಲ್ಲ. ಈಗ ನನಗೆ ಬೆನ್ನುನೋವು, ದಿನಕ್ಕೊಂದು ಪುಟಕ್ಕಿಂತ ಹೆಚ್ಚು ಬರೆಯಲಾಗುವುದಿಲ್ಲ. ಆದರೂ ಇದನ್ನು ಬರೆದು ಮುಗಿಸಬೇಕಾಗಿತ್ತು. ಬಂಡೆ ತಪ್ಪಿದ್ದು ಪದ್ಮರಾಜಯ್ಯ, ವೀಕ್ಷಕ, ಊರು ಕಳಸ. ಅದನ್ನು ಮುಚ್ಚಿಟ್ಟವರೂ ಅವರೇ. ತಾವಾಗಿ ಗುಡ್ಡ ಹತ್ತಿ ತೋರಿಸಿಕೊಟ್ಟವರೂ ಅವರೇ.